ಕಪ್ಪೆನಿದ್ದೆ

ಗುಡ್ಡದಹಾಳದ ಜೈಲಿನಲ್ಲಿ ಗಲಾಟೆ ಎಂಬುದೇ ಇಲ್ಲ. ಊಟ ಸರಿಯಿಲ್ಲವೆಂದು ತಟ್ಟೆ ಬಡಿಯುವವರಿಲ್ಲ, ಬೀಡಿಗೆ ಕಿತ್ತಾಡುವವರಿಲ್ಲ, ವಕೀಲರು ಬರಲಿಲ್ಲವೆಂದು ನನ್ನ ಸೆರಗು ಹಿಡಿದು ಅಳುವವರೂ ಇಲ್ಲ. ನೋಡಲು ಬರುವ ದೊಡ್ಡವರೆಲ್ಲ ಇದನ್ನೇ ಹೊಗಳಿ ಹೋಗುತ್ತಾರೆ. ಹಳೆಯ ಗಣಿಯ ಸುರಂಗದೊಳಗೆ, ಒಂದರ ಮೇಲೊಂದು ಜೋಡಿಸಿದ ಹಲಗೆಗಳ ಮೇಲೆ ಸಾವಿರಕ್ಕೂ ಹೆಚ್ಚು ಜನ ನಿದ್ರಿಸುತ್ತಿರುವಾಗ ಗಲಾಟೆ ಮಾಡುವವರಾದರೂ ಯಾರು?

ನನ್ನ ಹೆಸರು ಕಸ್ತೂರಿ ಬಡಿಗೇರ. ನಾನು ವಕೀಲಳಲ್ಲ, ಅರೆ ಕಾನೂನು ಸ್ವಯಂಸೇವಕಿ. ವಕೀಲರನ್ನು ಹಿಡಿಯುವ ತ್ರಾಣವಿಲ್ಲದ ವಿಚಾರಣಾಧೀನ ಖೈದಿಗಳ ಹತ್ತಿರ ಕೂತು, ಅವರ ಮೇಲಿನ ಕೇಸು ಏನು, ಮುಂದಿನ ದಾರಿ ಯಾವುದು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು, ಅವರು ಒಪ್ಪಿದರೆ ಅರ್ಜಿ ಬರೆದು ಕಾನೂನು ನೆರವಿನ ವಕೀಲರಿಗೆ ಮುಟ್ಟಿಸುವುದು ನನ್ನ ಕೆಲಸ. ತರಬೇತಿಯಲ್ಲಿ ನಮಗೆ ಎರಡು ಮಾತು ಕಲಿಸಿದ್ದರು. ಖೈದಿಯನ್ನು ಕೇಳದೆ ಒಂದಕ್ಷರ ಬರೆಯಬಾರದು. ಕಾನೂನಿನಲ್ಲಿ ಇರುವುದನ್ನಷ್ಟೇ ಹೇಳಬೇಕು, ಹೀಗೇ ಮಾಡು ಎಂದು ಹೇಳಬಾರದು. ಎಚ್ಚರವಿದ್ದವರ ನಡುವೆ ಇವೆರಡೂ ಒಳ್ಳೆಯ ಮಾತುಗಳೇ.

ಬಿರುಬೇಸಿಗೆಯಲ್ಲಿ ನೆಲದೊಳಗೆ ಇಳಿದು, ಮಳೆ ಬೀಳುವ ತನಕ ಉಸಿರನ್ನೂ ಹಿಡಿತದಲ್ಲಿಟ್ಟು ಮಲಗುವ ಕಪ್ಪೆಯೊಂದಿದೆಯಂತೆ. ಅದರ ರಕ್ತದಲ್ಲಿ ಸಿಕ್ಕ ಒಂದು ಅಂಶದಿಂದ ಈ ಔಷಧಿ ಮಾಡಿದರು. ಸೂಜಿ ಚುಚ್ಚಿದರೆ ಮೈ ತಣ್ಣಗಾಗುತ್ತದೆ, ಎದೆಬಡಿತ ಬಿಟ್ಟು ಬಿಟ್ಟು ಬರುತ್ತದೆ, ತೊಟ್ಟು ತೊಟ್ಟಾಗಿ ಇಳಿಯುವ ನೀರು ಸಕ್ಕರೆಯಲ್ಲೇ ಮನುಷ್ಯ ವರ್ಷಗಟ್ಟಲೆ ಬದುಕುತ್ತಾನೆ. ಹತ್ತು ವರ್ಷ ಮಲಗಿದವನ ದೇಹ ಒಂದೇ ವರ್ಷದಷ್ಟು ಸವೆಯುತ್ತದೆ ಎಂದರು. ಆಗ ಜೈಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಜನ ಪಾಳಿಯ ಮೇಲೆ ಮಲಗುತ್ತಿದ್ದರು. ಜೈಲಿನ ದಿನಗಳನ್ನು ನಿದ್ದೆಯಲ್ಲಿ ಕಳೆಯುತ್ತೀರಾ ಎಂದು ಕೇಳಿದರೆ ಯಾರು ಬೇಡವೆನ್ನುತ್ತಾರೆ? ಸಾಲುಗಟ್ಟಿ ನಿಂತು ಹೆಬ್ಬೆಟ್ಟು ಒತ್ತಿದರು. ಕಪ್ಪೆನಿದ್ದೆ ಎಂಬ ಹೆಸರೂ ಅವರದೇ.

ಆದರೆ ಮಲಗಿದವನು ಗೊಣಗುವುದಿಲ್ಲ, ಗೊಣಗದವನ ಕೇಸು ಮುಂದೆ ಹೋಗುವುದಿಲ್ಲ. ಕೋರ್ಟಿನ ತಾರೀಖಿನ ದಿನ ಕಾವಲಿನವನು ಕ್ಯಾಮೆರಾವನ್ನು ಮಲಗಿದವನ ಮುಖಕ್ಕೆ ಹಿಡಿದು "ಹಾಜರ್ ಅದಾನ್ರಿ ಸಾಹೇಬ್ರ" ಎನ್ನುತ್ತಾನೆ. ಸಾಕ್ಷಿ ಬಂದಿರುವುದಿಲ್ಲ. ಇನ್ನೊಂದು ತಾರೀಖು ಬೀಳುತ್ತದೆ. ಮೊದಲಿದ್ದ ಕಾನೂನಿನಂತೆ, ಅಪರಾಧಕ್ಕಿರುವ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವನನ್ನು ಬಿಟ್ಟುಬಿಡಬೇಕು. ಅದಕ್ಕೂ ಒಂದು ಸುತ್ತೋಲೆ ಬಂತು: ನಿದ್ದೆಯ ಕಾಲವನ್ನು ದೇಹಗಡಿಯಾರದ ಪ್ರಕಾರ ಎಣಿಸತಕ್ಕದ್ದು, ಏಕೆಂದರೆ ದೇಹ ಅನುಭವಿಸದ ಬಂಧನ ಬಂಧನವಲ್ಲ. ದೇಹಗಡಿಯಾರ ಎಂದರೆ ಒಂದು ಹನಿ ರಕ್ತದಿಂದ ದೇಹದ ವಯಸ್ಸು ಹೇಳುವ ಪುಟ್ಟ ಯಂತ್ರ. ಅದೇ ಸುತ್ತೋಲೆಯಲ್ಲಿ ತಪ್ಪೊಪ್ಪಿಕೊಂಡವರಿಗೆ ಮಾತ್ರ ನಿದ್ದೆಯ ಪೂರ್ತಿ ಕಾಲವೂ ಶಿಕ್ಷೆಯೆಂದೇ ಜಮೆ. ಕಳ್ಳನಿಗೆ ನಿದ್ದೆಯೂ ಸೆರೆವಾಸ, ಕಳ್ಳನಲ್ಲದವನಿಗೆ ನಿದ್ದೆ ಬರೀ ನಿದ್ದೆ. ಇದನ್ನು ಬರೆದವರಿಗೆ ನಗು ಬರಲಿಲ್ಲವೇ ಎಂದು ಈಗಲೂ ನನಗೆ ಸಿಟ್ಟಿದೆ.

ನನಗೆ ವರ್ಷಕ್ಕೆ ಒಬ್ಬರನ್ನು ಎಬ್ಬಿಸುವ ಹಕ್ಕಿತ್ತು. ಕೇಳದೆ ಬರೆಯಬಾರದಲ್ಲ, ಅದಕ್ಕೆ. ಸಾವಿರ ಮುಖಗಳ ನಡುವೆ ಒಂದನ್ನು ಆರಿಸಿಕೊಂಡು ಉಳಿದವರನ್ನು ಮಲಗಲು ಬಿಡಬೇಕು. 

ಆ ವರ್ಷ ನಾನು ಮೌಲಾಸಾಬ ನದಾಫನನ್ನು ಆರಿಸಿದೆ. ಅವನ ಮಗಳು ದಿಲ್‌ಶಾದ ಬೆಟಗೇರಿಯಿಂದ ಹುಡುಕಿಕೊಂಡು ಬಂದು, ಅಪ್ಪ ಮಲಗಿದಾಗ ನಾನು ನಾಲ್ಕು ವರ್ಷದವಳು, ಈಗ ಇಪ್ಪತ್ತೆರಡಾಯಿತು, ಅವರ ದನಿ ಹೇಗಿತ್ತೆಂದೂ ನೆನಪಿಲ್ಲ ಎಂದಿದ್ದಳು. ಮೌಲಾಸಾಬ ಗಾದಿ ಮಾಡುವವನು. ಮನೆಮನೆಗೆ ಹೋಗಿ ಹಳೆ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಮನೆತನದ ಕಸುಬು. ಒಂದು ಮನೆಯ ಮುದುಕಿ ಸತ್ತ ಮೇಲೆ ಅವಳ ಗಾದಿ ಬಿಚ್ಚಿದ್ದ. ಅದರೊಳಗೆ ಮುದುಕಿ ಬಂಗಾರದ ಸರ ಬಚ್ಚಿಟ್ಟಿದ್ದಳು, ಇವನು ಕದ್ದ ಎಂದು ಸೊಸೆಯಂದಿರು ದೂರು ಕೊಟ್ಟರು. ಸರವನ್ನು ಕಂಡವರು ಯಾರೂ ಇರಲಿಲ್ಲ. ಕೆಲಸಕ್ಕೆ ಕರೆದ ಮನೆಯಲ್ಲೇ ಮಾಡಿದ ಕಳವಾದ್ದರಿಂದ ಏಳು ವರ್ಷದ ಶಿಕ್ಷೆಯ ಅಪರಾಧ.

ಎಬ್ಬಿಸುವ ಮುಂಚೆ ನಾನು ಬೆಟಗೇರಿಗೆ ಹೋಗಿ ಅವನ ಹೆಂಡತಿ ಹುಸೇನಬಿಯನ್ನು ಕಂಡೆ. ಒಂದೇ ಕೋಣೆಯ ಮನೆ. ಮಗಳು ಫೋಮ್ ಗಾದಿಯ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಾಯಿ ಮಾತ್ರ ಗಂಡ ಮಾಡಿಕೊಟ್ಟ ಅರಳೆ ಗಾದಿಯ ಮೇಲೇ ಮಲಗುತ್ತಿದ್ದಳು. ಅದು ಗಂಟುಗಂಟಾಗಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಗಂಡ ಏಳುತ್ತಾನೆ, ಬಂದು ನೋಡಿ ಎಂದರೆ ಅವಳು ಬರುವುದಿಲ್ಲ ಎಂದಳು. ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಕೊನೆಗೆ ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ ತಾನಾಗಿ ಬಾಯಿಬಿಟ್ಟಳು.

"ಬಾಯಾರ, ಅಂವ ಹೋದಾಗಿನ ಹಾಂಗ ಅದಾನಂತ. ಕರೀ ಕೂದಲಾ, ಗಟ್ಟಿ ಮೈ. ನನ್ನ ನೋಡ್ರಿ. ಹಲ್ಲು ಬಿದ್ದಾವು, ಸೊಂಟ ಬಗ್ಗೇತಿ. ನಮ್ಮವ್ವ ಬಂದಾಳ ಅಂತ ತಿಳ್ಕೊಂತಾನ."

 ಕಾನೂನಿನಲ್ಲಿ ಅದಕ್ಕೇನೂ ಬರೆದಿಲ್ಲ.

ಸುರಂಗದ ಬಾಯಲ್ಲಿ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಪರದೆಗಳು, ಅವುಗಳ ತುಂಬ ಹಸಿರು ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಬ್ಬೊಬ್ಬ ಮಲಗಿದವನು. ಅಲ್ಲಿನ ಡಾಕ್ಟರ್ ಅನಂತ ಪುರೋಹಿತ ಕೆಟ್ಟವರಲ್ಲ. ಚುಕ್ಕೆ ಹಸಿರಿದ್ದರೆ ಎಲ್ಲ ಸರಿಯಿದೆ ಎಂದು ಮನಸಾರೆ ನಂಬಿದ್ದವರು. ಔಷಧಿ ನಿಲ್ಲಿಸಿ, ಮೈಯನ್ನು ನಿಧಾನವಾಗಿ ಬೆಚ್ಚಗೆ ಮಾಡಿ ಅವರು ಮೌಲಾಸಾಬನನ್ನು ಎಬ್ಬಿಸಿದರು. ಕಣ್ಣು ಬಿಟ್ಟವನು ಮೊದಲು ಬೆಳಗಾಯಿತೇ ಎಂದು ಕೇಳಿದ. ಆಮೇಲೆ ದಿಲ್‌ಶಾದಳನ್ನು ಶಾಲೆಗೆ ಹಾಕಿದರೋ ಎಂದು ಕೇಳಿದ. ನಾನು ಎಲ್ಲವನ್ನೂ ಇದ್ದಂತೆ ಹೇಳಿದೆ. ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹದಿನೆಂಟು ವರ್ಷ ಎಲ್ಲಿಗೆ ಹೋಯಿತೆಂದು ಹುಡುಕುತ್ತಿದ್ದ ಎಂದು ನನಗೆ ಅನ್ನಿಸಿತು.

ಇರುವ ದಾರಿಗಳನ್ನು ಹೇಳಿದೆ. ತಪ್ಪೊಪ್ಪಿಕೊಂಡರೆ ನಿದ್ದೆಯೆಲ್ಲ ಶಿಕ್ಷೆಗೆ ಜಮೆಯಾಗಿ ಈ ವಾರವೇ ಮನೆಗೆ. ಒಪ್ಪದಿದ್ದರೆ ಮತ್ತೆ ಸೂಜಿ, ಮತ್ತೆ ತಾರೀಖು. ದೇಹಗಡಿಯಾರದ ಪ್ರಕಾರ ಅವನು ಒಳಗಿದ್ದದ್ದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಅವನಿಗಿಂತ ಮೊದಲು ನಾನು ಎಬ್ಬಿಸಿದವರಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡು ಮನೆಗೆ ಹೋಗಿದ್ದರು. ಉಳಿದವರು ಅಂದೇ ತಿರುಗಿ ಮಲಗಿದ್ದರು.

ಮೌಲಾಸಾಬ ತನ್ನ ಕಸುಬಿನ ಮಾತೆತ್ತಿದ. ತಾನು ಹೋಗುವುದು ಮಂದಿಯ ಮಲಗುವ ಕೋಣೆಗೆ, ಬಿಚ್ಚುವುದು ಮಂದಿಯ ಹಾಸಿಗೆ ಎಂದ. ಹಾಸಿಗೆಯೊಳಗೆ ಏನೇನೋ ಇರುತ್ತದೆ, ಮೂಗುತಿ, ಮಡಚಿದ ನೋಟು, ಗಂಡನಿಗೆ ಗೊತ್ತಿಲ್ಲದ ಚೀಟಿ. ಅಪ್ಪ ಕಂಡದ್ದನ್ನೆಲ್ಲ ಮನೆಯಾಕೆಯ ಕೈಗೇ ಕೊಡುತ್ತಿದ್ದ, ತಾನೂ ಕೊಟ್ಟಿದ್ದೇನೆ ಎಂದ.

"ಕಳ್ಳ ಅಂತ ಒಪ್ಪಿಕೊಂಡು ಹೊರಗ ಹೋದ್ರ ಯಾರ ಮನ್ಯಾಗ ಒಳಗ ಬಿಡ್ತಾರ್ರಿ ಅಕ್ಕಾರ? ಕಸಬು ಹೋತಂದ್ರ ನಾ ಯಾರು?"

ಆಗ ನಾನು ಮೂರನೆಯದನ್ನೂ ಹೇಳಬೇಕಾಯಿತು, ಸುತ್ತೋಲೆಯ ತುದಿಯಲ್ಲಿ ಅದೂ ಇತ್ತಲ್ಲ. ಎಚ್ಚರವಿರುವ ಖೈದಿಗೆ ದಿನಕ್ಕೆ ದಿನವೇ ಲೆಕ್ಕ. ಸೂಜಿಗೆ ಒಪ್ಪಿಗೆ ಬೇಕು, ಒಪ್ಪದಿದ್ದರೆ ಚುಚ್ಚುವಂತಿಲ್ಲ. ಎಚ್ಚರವಾಗಿದ್ದು ಇನ್ನು ಒಂದೂವರೆ ವರ್ಷಕ್ಕೂ ಹೆಚ್ಚು ಕಳೆದರೆ, ಏಳರ ಅರ್ಧ ಮೂರೂವರೆ ವರ್ಷ ತುಂಬಿ, ಕಳ್ಳನೆನ್ನಿಸಿಕೊಳ್ಳದೆ ಹೊರಗೆ ಬರಬಹುದಿತ್ತು.

"ಹಂಗಾರ ಎಚ್ಚರನ ಇರ್ತೀನ್ರಿ" ಎಂದ ಮೌಲಾಸಾಬ.

ಆ ಜೈಲಿನಲ್ಲಿ ಎಚ್ಚರವಿರುವ ಖೈದಿಗೆ ಜಾಗವೇ ಇರಲಿಲ್ಲ. ಅಡುಗೆಮನೆ ಇಲ್ಲ, ಅಂಗಳ ಇಲ್ಲ, ಕೂರಲು ಒಂದು ಬೆಂಚಿಲ್ಲ. ಸೂಪರಿಂಟೆಂಡೆಂಟರು ನನ್ನನ್ನು ಕರೆಸಿ ಅವನ ತಲೆ ಕೆಡಿಸಿದಿರಿ ಎಂದು ಬೈದರು. ಹತ್ತಿರದ ಖಾನಾವಳಿಯಿಂದ ಎರಡು ಹೊತ್ತು ರೊಟ್ಟಿ ಪಲ್ಯ ತರಿಸುವ ಏರ್ಪಾಡಾಯಿತು. ಅವನು ಹಲಗೆ ಬಿಟ್ಟು ಎದ್ದಾಗಲೆಲ್ಲ ಪರದೆಯಲ್ಲಿ ಅವನ ಚುಕ್ಕೆ ಕೆಂಪಾಗಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಅವನು ಸತ್ತಿದ್ದ. ಡಾಕ್ಟರರ ಸಿಬ್ಬಂದಿ ಬೇಸತ್ತು ಆ ಚುಕ್ಕೆಯ ಮೇಲೆ ಕಾಗದದ ಚೂರು ಅಂಟಿಸಿದರು.

ಮೊದಲ ತಿಂಗಳು ಅವನು ಸುರಂಗದೊಳಗೆ ಒಂದೇ ಸಮನೆ ಓಡಾಡುತ್ತಿದ್ದ. ಆಮೇಲೆ ನಾನು ವಾರಕ್ಕೊಮ್ಮೆ ಸ್ಟೂಲು ಹಾಕಿಕೊಂಡು ಮಲಗಿದವರ ಬಳಿ ಕೂರುವುದನ್ನು ನೋಡಿ, ಏನು ಮಾಡುತ್ತೀರಿ ಎಂದು ಕೇಳಿದ. ಕೇಸಿನ ಸ್ಥಿತಿ ತಿಳಿಸುವುದು ನಿಯಮ, ಅವರಿಗೆ ಕೇಳಿಸುವುದಿಲ್ಲ ಆದರೂ ಕೂರುತ್ತೇನೆ ಎಂದೆ. ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಅವನೇ ಒಬ್ಬನ ಕಿವಿಯ ಹತ್ತಿರ ಬಾಗಿ ನಿಂತು, ನಿನ್ನ ತಾರೀಖು ಹಬ್ಬ ಆದ ಮೇಲೆ ಬಿದ್ದಿದೆ ತಮ್ಮಾ ಎಂದು ಹೇಳುತ್ತಿದ್ದ. ಕಿವಿಗೆ ದನಿ ಹೋದರೂ ಮಿದುಳಿಗೆ ಮುಟ್ಟುವುದಿಲ್ಲ ಎಂದು ಡಾಕ್ಟರರು ತಿಳಿಹೇಳಿದರು. ಮುಟ್ಟಲಿ ಬಿಡಲಿ, ಒಬ್ಬ ಮನುಷ್ಯನ ತಾರೀಖನ್ನು ಅವನಿಗೇ ಹೇಳದಿರುವುದು ಚಂದವಲ್ಲ ಎಂದ ಮೌಲಾಸಾಬ. ಅವನ ಸಾಲಿನಲ್ಲಿ ಮಲಗಿದ್ದವರೆಲ್ಲರ ಹೆಸರು, ಊರು, ಕೇಸು ಅವನಿಗೆ ಬಾಯಿಪಾಠವಾಯಿತು. ಅಂಥ ಕಡೆ ಬೇರೆ ಯಾರನ್ನು ಮಾತಾಡಿಸಬೇಕಿತ್ತು ಅವನು?

ಚಳಿಗಾಲ ಬರುವಷ್ಟರಲ್ಲಿ ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು. ಚಿಂತೆಗೆ ಹಾಗಾಗುತ್ತದೆ ಎಂದರು ಡಾಕ್ಟರರು. ನೋಡನೋಡುತ್ತ ಗಡ್ಡವೂ ಬೆಳ್ಳಗಾಯಿತು. ಒಂದು ವಾರ ರೊಟ್ಟಿ ಕಡಿಯಲು ಕಷ್ಟಪಟ್ಟ, ಮರುವಾರ ದವಡೆಯ ಹಲ್ಲೊಂದು ಕೈಗೇ ಬಂತು. ತಾಯಿ ಬಾರದೆ ತಾನೂ ಬರಲೊಲ್ಲೆನೆಂದ ಮಗಳು ಕೊಟ್ಟು ಕಳಿಸಿದ್ದ ಅವಳ ಫೋಟೋ ತೋರಿಸಿದರೆ ತೋಳು ಚಾಚಿ ದೂರ ಹಿಡಿದು ನೋಡಿದ. ಆಗ ನನಗೆ ಹಿಂದೊಮ್ಮೆ ಎಬ್ಬಿಸಿದ್ದ ಸಂಕವ್ವ ನೆನಪಾದಳು. ತಪ್ಪೊಪ್ಪಿಕೊಂಡು ಊರಿಗೆ ಹೋದವಳನ್ನು ಸಂತೆಯಲ್ಲಿ ಕಂಡಾಗ ಗುರುತೇ ಸಿಕ್ಕಿರಲಿಲ್ಲ, ಅಷ್ಟು ಸೊರಗಿದ್ದಳು. ಹೊಟ್ಟೆಗಿಲ್ಲದೆ ಹೀಗಾಗಿದ್ದಾಳೆ ಎಂದುಕೊಂಡಿದ್ದೆ. ಬಡವರು ಬೇಗ ಮುದುಕರಾಗುವುದನ್ನು ನೋಡಿ ನೋಡಿ ನಮಗೆಲ್ಲ ಅಭ್ಯಾಸವಾಗಿದೆ. ಮನೆಗೆ ಹೋದ ಎಷ್ಟೋ ಜನ ನಮ್ಮ ಕಣ್ಣೆದುರೇ ಹಾಗೆ ಕುಸಿದಿದ್ದರು, ಒಬ್ಬರೂ ಔಷಧಿಯ ಕಡೆ ಬೆರಳು ತೋರಿಸಿರಲಿಲ್ಲ.

ಇದನ್ನು ಹೇಳಿದಾಗ ಡಾಕ್ಟರ್ ಪುರೋಹಿತರ ಮುಖ ಸಣ್ಣಗಾಯಿತು. ಮೌಲಾಸಾಬನ ಬೆರಳಿನಿಂದ ರಕ್ತ ತೆಗೆದು ದೇಹಗಡಿಯಾರಕ್ಕೆ ಹಾಕಿದರು. ಎದ್ದ ದಿನ ಮೂವತ್ತೆಂಟು ತೋರಿಸಿದ್ದ ಯಂತ್ರ ಈಗ ನಲವತ್ತಾರು ತೋರಿಸಿತು. ಯಂತ್ರ ಕೆಟ್ಟಿದೆ ಎಂದು ಇನ್ನೊಂದು ತಂದರು, ಅದೂ ಹಾಗೇ ಹೇಳಿತು. ಅಂದು ಅವರು ಊಟಕ್ಕೆ ಏಳಲಿಲ್ಲ. ಸಂಜೆ ನನಗೆ ವಿವರಿಸಿದರು: ಔಷಧಿ ಸವೆತವನ್ನು ನಿಲ್ಲಿಸಿರಲಿಲ್ಲ, ಬರೀ ಅದುಮಿ ಹಿಡಿದಿತ್ತು. ದೇಹದ ಕಣಕಣವೂ ವರ್ಷಗಳನ್ನು ಎಣಿಸಿ ಒಳಗಿಟ್ಟುಕೊಂಡಿತ್ತು. ಬೆಚ್ಚಗಾದದ್ದೇ ತಡ ಎಲ್ಲ ಒಟ್ಟಿಗೆ ಹೊರಬೀಳುತ್ತಿದೆ. ಎಲ್ಲಿ ನಿಲ್ಲುತ್ತದೆ ಎಂದೆ. ಬಹುಶಃ ಅವನ ನಿಜವಾದ ವಯಸ್ಸು ಬಂದಾಗ ನಿಲ್ಲಬಹುದು, ಅಲ್ಲಿಯವರೆಗೆ ಎದೆ ತಾಳಿದರೆ ಎಂದರು.

ಈಗಲೇ ಸೂಜಿ ಕೊಟ್ಟರೆ ಇದ್ದಲ್ಲಿಗೇ ನಿಲ್ಲುತ್ತದೆ, ಹೇಗಾದರೂ ಒಪ್ಪಿಸಿ ಎಂದು ಡಾಕ್ಟರರು ನನ್ನನ್ನು ಬೇಡಿಕೊಂಡರು. ಒಪ್ಪಿಸುವುದು ನನ್ನ ಕೆಲಸವಲ್ಲ. ಮೌಲಾಸಾಬನ ಎದುರು ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಲಗಿದರೆ ಮೈ ಉಳಿಯುತ್ತದೆ, ಸೆರೆಯೂ ಉಳಿಯುತ್ತದೆ. ಎಚ್ಚರವಿದ್ದರೆ ಕೆಲವೇ ತಿಂಗಳಲ್ಲಿ ಮುದುಕನಾಗುತ್ತೀರಿ, ಜೀವಕ್ಕೂ ಅಪಾಯವಿದೆ. ಆದರೆ ಸುತ್ತೋಲೆ ದೇಹಗಡಿಯಾರವನ್ನೇ ನಂಬು ಎನ್ನುತ್ತದೆ, ಈಗಿನ ನಲವತ್ತಾರನ್ನು ಕಾಯಿಲೆಯೆಂದು ತಳ್ಳಿಹಾಕಬಹುದು, ಗಡಿಯಾರ ನಿಮ್ಮ ನಿಜವಾದ ವಯಸ್ಸಿಗೇ ಬಂದು ನಿಂತು ಹದಿನೆಂಟು ವರ್ಷವನ್ನೂ ತೋರಿಸಿದ ದಿನ ಕೋರ್ಟು ನಿಮ್ಮನ್ನು ಹಿಡಿದಿಡಲು ಆಗುವುದಿಲ್ಲ.

ಅವನು ಕೇಸಿನ ಬಗ್ಗೆ ಏನೂ ಕೇಳಲಿಲ್ಲ.

"ನಮ್ಮಾಕಿ ಒಂದ ಸಲನೂ ಬರಲಿಲ್ಲಲ್ರಿ, ಯಾಕ?"

ಅದು ಹುಸೇನಬಿ ನನ್ನೊಬ್ಬಳಿಗೆ ಹೇಳಿದ ಮಾತು. ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಆದರೆ ಸಾವು ಬದುಕಿನ ನಡುವೆ ಆರಿಸಿಕೊಳ್ಳುವವನಿಂದ ಏನನ್ನು ಮುಚ್ಚಿಡಲಿ? ಅವಳ ಹಲ್ಲು, ಅವಳ ಸೊಂಟ, ಅವಳ ನಾಚಿಕೆ ಎಲ್ಲ ಹೇಳಿದೆ. ಎದ್ದಾಗಿನಿಂದ ಅವನ ಮುಖದಲ್ಲಿ ನಗು ಕಂಡದ್ದು ಅದೊಂದೇ ಸಲ.

"ಹಂಗಾರ ಸೂಜಿ ಬ್ಯಾಡ್ರಿ ಅಕ್ಕಾರ" ಎಂದ.

ಆ ಬೇಸಿಗೆ ಅವನಿಗೆ ಎರಡು ಸಲ ಎದೆನೋವು ಬಂತು. ಎರಡು ಸಲವೂ ಡಾಕ್ಟರರು ಪಕ್ಕದಲ್ಲೇ ಕೂತು ಉಳಿಸಿದರು, ಸೂಜಿ ಹತ್ತಿರವೇ ಇದ್ದರೂ ಮುಟ್ಟಲಿಲ್ಲ. ಉಸಿರು ಹತ್ತುತ್ತಿದ್ದರೂ ಅವನು ತಾರೀಖು ಹೇಳುವುದನ್ನು ಬಿಡಲಿಲ್ಲ. ಮೇಲಿನ ಹಲಗೆಗಳಿಗೆ ಏರಲಾಗದೆ ಅಲ್ಲಿಗೆ ನನ್ನನ್ನು ಕಳಿಸುತ್ತಿದ್ದ. ಮಳೆಗಾಲದ ಹೊತ್ತಿಗೆ ದೇಹಗಡಿಯಾರ ಐವತ್ತನಾಲ್ಕಕ್ಕೆ ಬಂದು ನಿಂತಿತು. ಅದೇ ಅವನ ನಿಜವಾದ ವಯಸ್ಸು.

ಕೋರ್ಟಿನಲ್ಲಿ ಸರಕಾರಿ ವಕೀಲರು, ನಿದ್ದೆ ಸುಖವೇ ಹೊರತು ಸೆರೆಯಲ್ಲ ಎಂದು ವಾದಿಸಿದರು. ನಮ್ಮ ಕಾನೂನು ನೆರವಿನ ವಕೀಲೆ ಹೆಚ್ಚು ಮಾತಾಡಲಿಲ್ಲ. ಎದ್ದ ದಿನದ ಫೋಟೋವನ್ನು ಮೇಜಿನ ಮೇಲಿಟ್ಟು, ಮೌಲಾಸಾಬನನ್ನು ಮುಂದೆ ನಿಲ್ಲಿಸಿದರು. ಡಾಕ್ಟರ್ ಪುರೋಹಿತರು ಸಾಕ್ಷಿಯಾಗಿ ಬಂದು, ಇಷ್ಟು ವರ್ಷ ನಾನು ತಪ್ಪು ತಿಳಿದಿದ್ದೆ, ದೇಹ ಒಂದು ದಿನವನ್ನೂ ಬಿಟ್ಟಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಸುತ್ತೋಲೆಯ ಪ್ರಕಾರವೇ ಈತನ ಬಂಧನದ ಕಾಲ ಎಂದೋ ಮುಗಿದಿದೆ, ಈತನನ್ನು ಕಳ್ಳನೆಂದು ಯಾರೂ ರುಜುವಾತು ಮಾಡಿಲ್ಲ, ಬಿಟ್ಟುಬಿಡಿ ಎಂದು ನ್ಯಾಯಾಧೀಶರು ಆದೇಶಿಸಿದರು. ಉಳಿದವರ ಮಾತೇನು ಎಂದು ನಮ್ಮ ವಕೀಲೆ ಕೇಳಿದರು. ಅವರ ದೇಹಗಡಿಯಾರವನ್ನು ಅವರವರ ಅರ್ಜಿ ಬಂದಾಗ ನೋಡೋಣ ಎಂದರು ನ್ಯಾಯಾಧೀಶರು.

ಅರ್ಜಿ ಬರಬೇಕಾದರೆ ಅವರನ್ನು ಎಬ್ಬಿಸಿ ಕೇಳಬೇಕು. ಆದೇಶ ಬಂದ ವಾರದೊಳಗೇ ಹೊಸ ಸುತ್ತೋಲೆ ಬಂತು. ಎಚ್ಚರಗೊಳ್ಳುವುದರಿಂದ ಖೈದಿಗಳ ಆರೋಗ್ಯಕ್ಕೆ ತೀವ್ರ ಹಾನಿಯಾಗುವುದು ವೈದ್ಯಕೀಯವಾಗಿ ದೃಢಪಟ್ಟಿರುವುದರಿಂದ, ಅವರ ಹಿತದೃಷ್ಟಿಯಿಂದ, ಇನ್ನು ಮುಂದೆ ವರ್ಷಕ್ಕೊಬ್ಬರನ್ನು ಎಬ್ಬಿಸುವ ಪದ್ಧತಿಯನ್ನು ನಿಲ್ಲಿಸಲಾಗಿದೆ. ನಾನು ಅದನ್ನು ಎರಡು ಸಲ ಓದಿದೆ. ಡಾಕ್ಟರ್ ಪುರೋಹಿತರು ಕೋರ್ಟಿನಲ್ಲಿ ಕಣ್ಣೀರು ಹಾಕಿ ಹೇಳಿದ ಮಾತನ್ನೇ ಎತ್ತಿಕೊಂಡು ಸಾವಿರ ಜನರ ಮೇಲೆ ಬಾಗಿಲು ಹಾಕಿದ್ದರು. ನಾವಿಬ್ಬರೂ ಸೇರಿ ಅವರನ್ನು ಹೂತುಹಾಕಿದೆವು ಎಂದು ಡಾಕ್ಟರರು ಅಂದರು. 

ಬಿಡುಗಡೆಯ ಬೆಳಿಗ್ಗೆ ಮೌಲಾಸಾಬ ಸುರಂಗದೊಳಗೆ ಹೋಗಿ ತನ್ನ ಸಾಲಿನವರಿಗೆಲ್ಲ ಒಬ್ಬೊಬ್ಬರಾಗಿ ಹೇಳಿ ಬಂದ. ಏನು ಹೇಳಿದ ಎಂದು ನಾನು ಕೇಳಲಿಲ್ಲ. ಮೊದಲ ಬಸ್ಸು ಹೋಗಿಬಿಟ್ಟಿತ್ತು, ಇನ್ನೊಂದಕ್ಕೆ ಕಾದೆವು.

ಬೆಟಗೇರಿಯ ಮನೆಯ ಬಾಗಿಲಲ್ಲಿ ದಿಲ್‌ಶಾದ ನಿಂತಿದ್ದಳು. ಫೋಟೋದಲ್ಲಿದ್ದ ಅಪ್ಪನನ್ನು ನನ್ನ ಹಿಂದೆ ಹುಡುಕಿ, ಆಮೇಲೆ ನನ್ನ ಪಕ್ಕದ ಮುದುಕನನ್ನು ನೋಡಿದಳು. ಒಳಗಿನಿಂದ ಹುಸೇನಬಿ ಬಂದಳು. ನಾಚಿಕೆ ಬಿಡಲಾರದೆ ತಲೆಗೆ ಮೆಹಂದಿ ಹಚ್ಚಿಕೊಂಡಿದ್ದಳು, ಕೂದಲು ಕೆಂಪಗೆ ಹೊಳೆಯುತ್ತಿತ್ತು. ಗಂಡನ ಬಿಳಿಯ ಗಡ್ಡ, ಬೊಚ್ಚು ಬಾಯಿ, ಗೋಡೆ ಹಿಡಿದುಕೊಂಡ ಕೈ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ.

"ನಾ ಒಬ್ಬಾಕಿನ ಮುದುಕಿ ಆದೆ ಅಂತ ಅಂಜಿದ್ನಿ" ಎಂದಳು.

ಆಮೇಲೆ ಅತ್ತಳು. ಅವನು ಅವಳ ಹತ್ತಿರ ಹೋಗದೆ, ಮೂಲೆಯಲ್ಲಿ ಹಾಸಿದ್ದ ಗಾದಿಯ ಬಳಿ ಕೂತು ಅದರ ಮೇಲೆ ಕೈಯಾಡಿಸಿದ. ಅದು ಅವನೇ ತುಂಬಿ ಹೊಲಿದದ್ದು. ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಯಾರಾದರೂ ಬಿಚ್ಚಿ ಹಿಂಜಿ ಕೊಡಬಹುದಿತ್ತಲ್ಲ ಎಂದು ಕೇಳಿದ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ ಎಂದಳು ಹುಸೇನಬಿ. ದಿಲ್‌ಶಾದ ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟು, ಏನೆಂದು ಕರೆಯಬೇಕೋ ತಿಳಿಯದೆ ಹಿಂದೆ ಸರಿದು ನಿಂತಳು. ನಾಲ್ಕು ವರ್ಷದ ಮಗುವನ್ನು ಹುಡುಕುವವನಂತೆ ಅವನು ಅವಳ ಮುಖವನ್ನೇ ನೋಡುತ್ತ ಕೂತ. ನಾನು ಹೊರಡಲು ಎದ್ದೆ.

"ಅಕ್ಕಾರ" ಎಂದು ಕರೆದ. "ಇಬ್ರೂ ಒಂದ ವಯಸ್ಸಿಗೆ ಬಂದ್ವಿ, ಅದು ಆತು. ನಡುವಿನ ವರ್ಷ ನನಗ ಬರಬೇಕಲ್ರಿ. ಅದಕ್ಕ ಅರ್ಜಿ ಯಾರಿಗೆ ಕೊಡೂದು?"

ತಮಾಷೆಗೆ ಕೇಳಿರಲಿಲ್ಲ. ಇಷ್ಟು ದಿನ ಏನು ಕೇಳಿದರೂ ನಾನು ಒಂದು ದಾರಿ ಹೇಳಿದ್ದೆನಲ್ಲ, ಹಾಗೆಯೇ ಇದನ್ನೂ ಹೇಳುತ್ತೇನೆಂದು ಕಾಯುತ್ತಿದ್ದ. ಹುಸೇನಬಿಯೂ ಕಣ್ಣೊರೆಸಿಕೊಂಡು ನನ್ನ ಬಾಯನ್ನೇ ನೋಡಿದಳು. ಇರುವುದನ್ನಷ್ಟೇ ಹೇಳಬೇಕು ಎಂದು ನನಗೆ ಕಲಿಸಿದ್ದರು. ಹಾಗೊಂದು ಅರ್ಜಿ ಇಲ್ಲ ಎಂದು ಅವನಿಗೆ ಹೇಳಿದೆ.